ಮೊಳೆಯ ಚಾಪೆ

ಜೂನ್ 4

ಅಪ್ಪಾ,

ನಿಮ್ಮ ನಾಯಿ ನನ್ನ ಮನೆಗೆ ಬಂದು ಒಂದು ವಾರವಾಯಿತು. ಅದು ಚೆನ್ನಾಗಿದೆ. ಚೆನ್ನಾಗಿಲ್ಲದವಳು ನಾನು.

ಮೊಳೆ ಎಂದು ಯಾಕೆ ಹೆಸರಿಟ್ಟಿರೋ ಎಂದುಕೊಂಡಿದ್ದೆ, ಈಗ ಗೊತ್ತಾಯಿತು. ಬೆಕ್ಕಿಗಿಂತ ಒಂದು ಹಿಡಿ ದೊಡ್ಡದು, ಆದರೆ ನಾನು ಎಲ್ಲಿ ಕಾಲಿಡುತ್ತೇನೋ ಅಲ್ಲೇ ಇರುತ್ತದೆ. ಬೀದಿಗೆ ಕರೆದುಕೊಂಡು ಹೋದರೆ ಮಾನ ಕಳೆಯುತ್ತದೆ. ಗೋಡೆಯ ಮೇಲೆ ಬೆಕ್ಕು ಕಂಡರೆ ಒಂದು ಕಡೆ ಎಳೆಯುತ್ತದೆ, ಸ್ಕೂಟರ್ ಬಂದರೆ ಇನ್ನೊಂದು ಕಡೆ. ಮಕ್ಕಳ ಚೆಂಡು ಉರುಳಿತೋ, ಹಗ್ಗ ನನ್ನ ಕೈಯಲ್ಲಿ ಉಳಿದರೆ ಪುಣ್ಯ. "ನಿಲ್ಲು, ನಿಲ್ಲು" ಎಂದು ಗಂಟಲು ಹರಿದುಕೊಂಡರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂಲೆಯ ಚಪ್ಪಲಿ ಅಂಗಡಿಯವರು ನಿನ್ನೆ ಕೇಳಿದರು: "ನೀವು ನಾಯೀನ ಕರ್ಕೊಂಡು ಹೋಗ್ತಿದೀರೋ, ಅದು ನಿಮ್ಮನ್ನ ಕರ್ಕೊಂಡು ಹೋಗ್ತಿದೆಯೋ?"

ಎಲ್ಲಕ್ಕಿಂತ ಭಯವಾಗುವುದು ಬಾಗಿಲಿನ ಗಂಟೆಯಾದಾಗ. ಎಲ್ಲಿದ್ದರೂ ಓಡಿ ಬಂದು ನನ್ನ ಕಾಲುಗಳ ನಡುವೆ ನುಗ್ಗುತ್ತದೆ, ಮೀನಖಂಡಕ್ಕೆ ಮೂತಿಯಿಂದ ಗುದ್ದುತ್ತದೆ, ಬಾಗಿಲಿಗೆ ಓಡಿ ಮತ್ತೆ ಬಂದು ಗುದ್ದುತ್ತದೆ. ಅವತ್ತು ಪಾರ್ಸೆಲ್‌ನವನು ಗಂಟೆ ಒತ್ತಿದಾಗ ನಿಮಗೂ ಹೀಗೇ ಮಾಡಿ ಬೀಳಿಸಿತಲ್ಲವೇ? ನಿಮ್ಮ ಸೊಂಟ ಮುರಿಯಿತು. ನನ್ನದು ಗಟ್ಟಿಯಿದೆ, ಗೋಡೆ ಹಿಡಿದುಕೊಂಡೆ. ನಿಮಗೆ ಹಿಡಿದುಕೊಳ್ಳಲು ಏನಾದರೂ ಇತ್ತೋ ಇಲ್ಲವೋ ಎಂದು ಯೋಚಿಸುತ್ತಾ ಕೂತುಬಿಟ್ಟೆ.

ಅಣ್ಣ ಫೋನ್ ಮಾಡಿದ್ದ. "ಇನ್ನೊಂದು ಸಲ ಬಿದ್ರೆ ಅಪ್ಪ ಏಳೋದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಆಗಸ್ಟ್‌ನಲ್ಲಿ ನಾನೇ ಬಂದು ನೋಡ್ತೀನಿ. ಆಗ್ಲೂ ಕಾಲಿಗೆ ಸಿಕ್ಕಾಕ್ಕೊಂಡ್ರೆ ನಾಯಿ ನನ್ನ ಸ್ನೇಹಿತನ ತೋಟಕ್ಕೆ, ಅಪ್ಪ ನಮ್ಮನೆ ಹಿಂದಿನ ರೂಮಿಗೆ" ಎಂದ. ಅವನ ಮಾತು ನಿಮಗೆ ಗೊತ್ತಲ್ಲ, ಆಡಿದ ಮೇಲೆ ಮುಗಿಯಿತು. ಆದ್ದರಿಂದ ಇದಕ್ಕೆ ಬುದ್ಧಿ ಕಲಿಸಲು ನನಗಿರುವುದು ಈ ಎರಡು ತಿಂಗಳಷ್ಟೇ.

ಆಸ್ಪತ್ರೆಯ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ನೀವು ಬರಲಿಲ್ಲ. ನನ್ನ ಜೊತೆ ಮಾತಾಡಲು ಇಷ್ಟವಿಲ್ಲದಿದ್ದರೆ ಬೇಡ, ನಾಯಿಯ ವಿಷಯಕ್ಕಾದರೂ ಎರಡು ಸಾಲು ಬರೆಯಿರಿ.

ಮಗಳು

*

ಜೂನ್ 13

ಪುಟ್ಟೀ,

ಫೋನು ಇರುವುದು ಕಾರಿಡಾರಿನ ಆ ತುದಿಯಲ್ಲಿ. ವಾಕರ್ ತಳ್ಳಿಕೊಂಡು ನಾನು ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ನಿನಗೆ ವಯಸ್ಸಾಗಿರುತ್ತದೆ. ಪತ್ರವೇ ವಾಸಿ. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ನೋಡಿ ಸಂತೋಷವಾಯಿತು.

ಮೊಳೆಗೆ ಕೂಗಿ ಪ್ರಯೋಜನವಿಲ್ಲ. ಅದಕ್ಕೆ ನಾನು ಬಾಯಿಂದ ಏನನ್ನೂ ಕಲಿಸಿಲ್ಲ. ಪ್ರೆಸ್ಸಿನಲ್ಲಿ ದೊಡ್ಡ ಯಂತ್ರ ಓಡುವಾಗ ಪಕ್ಕದವನು ಕೂಗಿದರೂ ಕೇಳುತ್ತಿರಲಿಲ್ಲ, ನಾವೆಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು. ಅದನ್ನೇ ಇದಕ್ಕೂ ಕಲಿಸಿದ್ದೇನೆ. ಮುಷ್ಟಿ ಎತ್ತಿದರೆ ನಿಲ್ಲು. ಅಂಗೈ ನೆಲದ ಕಡೆ ಮಾಡಿ ಮೆಲ್ಲಗೆ ತಗ್ಗಿಸಿದರೆ ಕೂರು. ಎರಡು ಬೆರಳಿಂದ ತೊಡೆ ತಟ್ಟಿದರೆ ಪಕ್ಕಕ್ಕೆ ಬಾ. ಕೋಳಿಮಾಂಸದ ಚೂರು ಕೈಯಲ್ಲಿರಲಿ. ಮೊದಲು ಮನೆಯೊಳಗೆ, ಆಮೇಲೆ ಮೆಟ್ಟಿಲಲ್ಲಿ, ಆಮೇಲೆ ಬೀದಿಯಲ್ಲಿ. ಬೆಕ್ಕನ್ನು ಮೊದಲ ದಿನವೇ ಎದುರಿಗೆ ತಂದು ನಿಲ್ಲಿಸಿದರೆ ಯಾವ ನಾಯಿಯೂ ಕೇಳುವುದಿಲ್ಲ, ನಾನಾಗಿದ್ದರೂ ಕೇಳುತ್ತಿರಲಿಲ್ಲ.

ಬೆಕ್ಕು, ಸ್ಕೂಟರ್, ಚೆಂಡು ಇಷ್ಟನ್ನು ಕಲಿಸು. ಬಾಗಿಲಿನ ಗಂಟೆಯ ತಂಟೆಗೆ ಹೋಗಬೇಡ. ಅದು ಅದರ ಸ್ವಭಾವ. ಅಣ್ಣನಿಗೆ ನಾನು ಏನಾದರೂ ಹೇಳಿ ಒಪ್ಪಿಸುತ್ತೇನೆ.

ಇಲ್ಲಿ ನಡಿಗೆ ಕಲಿಸುವ ಹುಡುಗಿಗೆ ನಾವು ಸಾರ್ಜೆಂಟ್ ಎಂದು ಹೆಸರಿಟ್ಟಿದ್ದೇವೆ. ಎರಡು ಸರಳುಗಳ ನಡುವೆ ನನ್ನನ್ನು ನಿಲ್ಲಿಸಿ ಆ ಕಡೆಯಿಂದ ಕರೆಯುತ್ತಾಳೆ. ಕೋಳಿಮಾಂಸ ಮಾತ್ರ ಕೊಡುವುದಿಲ್ಲ.

ನಿನ್ನ ಅಪ್ಪ

*

ಜೂನ್ 29

ಅಪ್ಪಾ,

ಕೈ ಎತ್ತಿದ್ದೇ ತಡ, ಬೇರೆ ನಾಯಿಯೇ ಆಗಿಬಿಟ್ಟಿತು. ಮುಷ್ಟಿ ನೋಡಿ ಗಕ್ಕನೆ ನಿಂತಿತು. ನನಗೆ ಸಂತೋಷಕ್ಕಿಂತ ಹೊಟ್ಟೆಯುರಿ ಜಾಸ್ತಿಯಾಯಿತು. ಇಷ್ಟು ದಿನ ನಾನು ಬೊಬ್ಬೆ ಹೊಡೆಯುವಾಗ ಇದು ನನ್ನ ಕೈಯನ್ನೇ ನೋಡುತ್ತಾ, ಈ ಹೆಂಗಸು ಯಾವಾಗ ಮಾತಾಡುತ್ತಾಳೆ ಎಂದು ಕಾದಿತ್ತು.

ಈಗ ಬೆಳಿಗ್ಗೆ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಪಾಠ, ಬಂದ ಮೇಲೆ ಒಂದು ಪಾಠ. ಬೆಕ್ಕು ಕೂರುವ ಗೋಡೆಗೆ ತುಂಬ ದೂರದಿಂದ ಶುರು ಮಾಡಿದೆ. ಬೆಕ್ಕನ್ನು ನೋಡಿ ನನ್ನ ಕಡೆ ತಿರುಗಿದರೆ ಚೂರು ಮಾಂಸ. ದಿನಾ ಒಂದು ಹೆಜ್ಜೆ ಹತ್ತಿರ. ಮೊನ್ನೆ ಆ ಗೋಡೆಯ ಕೆಳಗೇ ನಡೆದುಕೊಂಡು ಹೋದೆವು. ಬೆಕ್ಕು ಬೇಕಂತಲೇ ಬಾಲ ಇಳಿಬಿಟ್ಟಿತು. ಮೊಳೆ ನಡುಗುತ್ತಾ ನನ್ನ ಮುಖ ನೋಡಿತು, ಎಳೆಯಲಿಲ್ಲ. ಬೇಕರಿಯ ಮುಂದೆ ಕೂರಿಸಿ ಹಗ್ಗ ಸಡಿಲ ಬಿಟ್ಟೆ, ಅಲ್ಲೂ ಕೂತಿತು. ಚಪ್ಪಲಿ ಅಂಗಡಿಯವರು ಎದ್ದು ಬಂದು ನೋಡಿದರು.

ಆದರೆ ಗಂಟೆಯ ವಿಷಯವನ್ನು ಬಿಡು ಎಂದರೆ ಹೇಗಪ್ಪಾ? ನಿಮ್ಮನ್ನು ಬೀಳಿಸಿದ್ದೇ ಅದು. ಅಣ್ಣ ನೋಡಲು ಬರುವುದೂ ಅದನ್ನೇ. ಗಂಟೆಯೊಂದೇ ಅಲ್ಲ, ಹಾಲು ಉಕ್ಕುವ ಸದ್ದಾದರೂ, ಪಕ್ಕದ ಮನೆಯವರು ಬಾಗಿಲು ತಟ್ಟಿದರೂ ಬಂದು ಕಾಲಿಗೆ ಗುದ್ದುತ್ತದೆ. ನೀವು ಅದಕ್ಕೆ ಸಲಿಗೆ ಜಾಸ್ತಿ ಕೊಟ್ಟಿದ್ದೀರಿ, ನಾನು ಕೊಡುವುದಿಲ್ಲ. ಪೇಟೆಯಿಂದ ತಂತಿಯಿಲ್ಲದ ಗಂಟೆ ತಂದೆ. ಗುಂಡಿ ನನ್ನ ಜೇಬಿನಲ್ಲಿ. ನಾನೇ ಒತ್ತುತ್ತೇನೆ, ಹಜಾರದ ಮೂಲೆಯಲ್ಲಿ ಹಾಸಿರುವ ನೀಲಿ ಚಾಪೆಯ ಮೇಲೆ ಮಾಂಸದ ಚೂರು ಇಡುತ್ತೇನೆ. ಗಂಟೆಯಾದರೆ ಚಾಪೆಗೆ ಹೋಗಬೇಕು, ನಾನು ಬಿಡಿಸುವವರೆಗೆ ಏಳಬಾರದು. ಇಷ್ಟೇ ಪಾಠ. ಈ ಒಂದನ್ನು ಕಲಿತರೆ ನೀವೂ ಮನೆಗೆ, ಅದೂ ಮನೆಗೆ.

ಮಗಳು

*

ಜುಲೈ 7

ಪುಟ್ಟೀ,

ಬೇಡ ಎಂದಿದ್ದೆ. ನಿನಗೆ ಹೇಳಿದ್ದನ್ನು ಕೇಳುವ ಅಭ್ಯಾಸ ಚಿಕ್ಕಂದಿನಿಂದಲೂ ಇಲ್ಲ, ನಾಯಿಗೆ ಮಾತ್ರ ವಿಧೇಯತೆ ಕಲಿಸಲು ಹೊರಟಿದ್ದೀಯ.

ಕೋಪದಿಂದ ಬರೆಯುತ್ತಿಲ್ಲ. ಗಂಟೆಯ ಪಾಠ ನಿಲ್ಲಿಸು. ಕಾರಣ ಕೇಳಬೇಡ. ವಯಸ್ಸಾದವನ ಒಂದು ಹಟ ಎಂದುಕೋ.

ಇಲ್ಲಿ ನನ್ನ ಸ್ಥಿತಿಯೂ ಅಷ್ಟಕ್ಕಷ್ಟೇ. ವಾರ್ಡಿನಲ್ಲಿ ಶೀತ ಹರಡಿದೆ ಎಂದು ಸಾರ್ಜೆಂಟ್ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬರುತ್ತಾಳೆ. ಅದರೊಳಗಿಂದ ಏನು ಹೇಳುತ್ತಾಳೋ ದೇವರೇ ಬಲ್ಲ. ನಿನ್ನೆ ನಿಲ್ಲಿ ಎಂದಳಂತೆ, ನಾನು ಸರಳು ಮುಗಿದರೂ ನಡೆಯುತ್ತಲೇ ಹೋದೆ. ಓಡಿ ಬಂದು ಹಿಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವತ್ತು ಮತ್ತೆ ಸರಳಿನ ಹತ್ತಿರ ಹೋಗಲಿಲ್ಲ.

ಅಪ್ಪ

*

ಆಗಸ್ಟ್ 3

ಅಪ್ಪಾ,

ಅಣ್ಣ ಬಂದು ಹೋದ.

ಒಳ್ಳೆಯ ಸುದ್ದಿಯನ್ನೇ ಮೊದಲು ಬರೆಯುತ್ತೇನೆ. ಮೊಳೆ ಗೆದ್ದಿತು. ಅಣ್ಣ ಹೊರಗೆ ನಿಂತು ಗಂಟೆ ಒತ್ತಿದ, ಬಾಗಿಲು ಬಡಿದ, ಒಳಗೆ ಬಂದು ಬೇಕಂತಲೇ ಬಿಸ್ಕತ್ತಿನ ಪೊಟ್ಟಣ ಚೆಲ್ಲಿದ. ಮೊಳೆ ಚಾಪೆ ಬಿಟ್ಟು ಅಲ್ಲಾಡಲಿಲ್ಲ. ಅಣ್ಣ ಮನೆಯೊಳಗಿದ್ದ ಅಷ್ಟು ಹೊತ್ತೂ ಸೋಲಲು ಸಿದ್ಧನಿರಲಿಲ್ಲ. ಕೊನೆಗೆ ಚೆಂಡು ಉರುಳಿಸಿದ. ಚೆಂಡು ಮೊಳೆಯ ಮೂತಿಗೆ ತಾಗಿ ನಿಂತಿತು. ಆಗ ಅಣ್ಣ ಶೂ ಹಾಕಿಕೊಳ್ಳುತ್ತಾ, "ಸರಿ, ಇರ್ಲಿ ಬಿಡು. ಅಪ್ಪ ಅವ್ರ ಮನೆಗೇ ಹೋಗ್ಲಿ" ಎಂದ. ಬಾಗಿಲು ಹಾಕಿಕೊಂಡು ನಾನು ಅತ್ತೆ. ಎರಡು ತಿಂಗಳ ಗಾಬರಿ ಒಮ್ಮೆಲೇ ಇಳಿಯಿತು.

ಇಳಿಯಿತು ಎಂದುಕೊಂಡೆ. ಆದರೆ ಅಪ್ಪಾ, ನಾಯಿ ಸರಿಯಿಲ್ಲ. ಗಂಟೆಯಾದ ಕೂಡಲೇ ಚಾಪೆಗೆ ಹೋಗುತ್ತದೆ ನಿಜ, ಹೋಗಿ ಗಡಗಡ ನಡುಗುತ್ತದೆ. ನನ್ನ ಕಡೆಯೇ ನೋಡುತ್ತದೆ. ಮೊನ್ನೆ ಹಾಲು ಉಕ್ಕಿದಾಗ ಎದ್ದು ನನ್ನ ಕಡೆ ಎರಡು ಹೆಜ್ಜೆ ಬಂತು, ಚಾಪೆ ನೆನಪಾಗಿ ವಾಪಸ್ ಹೋಗಿ ಮಲಗಿತು. ಮಾಂಸದ ಚೂರನ್ನು ಮೂಸಿಯೂ ನೋಡಲಿಲ್ಲ. ಕಲಿತ ಪ್ರಾಣಿಗೆ ಇಷ್ಟು ಸಂಕಟ ಯಾಕೆ? ನಾಯಿಯ ಡಾಕ್ಟರಿಗೆ ತೋರಿಸಿದೆ, ಮೈಯಲ್ಲಿ ಏನೂ ಇಲ್ಲ ಎಂದರು.

ನೀವು ಒಂದು ತಿಂಗಳಿಂದ ಬರೆದಿಲ್ಲ. ನಾನು ಮಾತು ಕೇಳಲಿಲ್ಲವೆಂದು ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ.

ಮಗಳು

*

ಆಗಸ್ಟ್ 12

ಅಪ್ಪಾ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಬೀರು ಸ್ವಚ್ಛ ಮಾಡುತ್ತಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತೇಹೋಗಿತ್ತು. ಹೊಗೆಯ ವಾಸನೆ ಬಂದು ಹೊರಗೆ ಓಡಿದರೆ ಅಡುಗೆಮನೆ ಕಾಣುತ್ತಿರಲಿಲ್ಲ. ಒರೆಸುವ ಬಟ್ಟೆಗೆ ಬೆಂಕಿ ಹತ್ತಿತ್ತು. ನೀರು ಸುರಿದು ಆರಿಸಿ ಬಾಗಿಲು ತೆಗೆದರೆ ಮೇಲಿನ ಮನೆಯಾಕೆ ನಿಂತಿದ್ದರು. "ಎಷ್ಟು ಹೊತ್ತಿಂದ ಬೆಲ್ ಮಾಡ್ತಿದೀನಿ, ಬಾಗ್ಲು ಬಡಿದೂ ಬಡಿದೂ ಕೈ ನೋವು ಬಂತು. ಒಳಗಿದ್ದೀರೋ ಇಲ್ವೋ ಅಂತ ಜೀವ ಬಾಯಿಗೆ ಬಂದಿತ್ತು" ಎಂದರು.

ಮೊಳೆ ಚಾಪೆಯ ಮೇಲಿತ್ತು. ಅಷ್ಟು ಹೊತ್ತೂ ಅಲ್ಲೇ ಇತ್ತು. ಹೊಗೆಯಲ್ಲಿ ಕೆಮ್ಮುತ್ತಾ, ನಾನಿದ್ದ ಕೋಣೆಯ ಬಾಗಿಲನ್ನೇ ನೋಡುತ್ತಾ ಕೂತಿತ್ತು. ಹೆದರಿ ಚಾಪೆ ಒದ್ದೆ ಮಾಡಿಕೊಂಡಿತ್ತು. ನಾನು ಕಲಿಸಿದ್ದನ್ನು ಅದು ತಪ್ಪದೆ ಮಾಡಿತ್ತು.

ಅದನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಆಗ ಒಂದೊಂದಾಗಿ ಹೊಳೆಯಿತು. ಕಾಲಿಗೆ ಗುದ್ದುವುದು ಅದರ ತುಂಟತನವಲ್ಲ. ಗಂಟೆಯಾಗಿದೆ ಬನ್ನಿ, ಹಾಲು ಉಕ್ಕಿದೆ ಬನ್ನಿ ಎಂದು ಅದು ಕರೆಯುತ್ತಿತ್ತು. ಕಿವಿ ಕೇಳಿಸುವವರಿಗೆ ನಾಯಿ ಹಾಗೆ ಮಾಡಬೇಕಾಗಿಲ್ಲ.

ಅಪ್ಪಾ, ನಿಮಗೆ ಕಿವಿ ಕೇಳಿಸುವುದಿಲ್ಲ, ಅಲ್ಲವೇ? ಫೋನಿಗೆ ಬರದಿರುವುದು, ಮಾಸ್ಕಿನ ಹಿಂದಿನ ಮಾತು ತಿಳಿಯದಿರುವುದು, ಮನೆಗೆ ಬಂದವರಿಗೆ ಬಾಯಿ ಬಿಡಲು ಅವಕಾಶ ಕೊಡದೆ ನೀವೊಬ್ಬರೇ ಮಾತಾಡುವುದು. ದಿನವಿಡೀ ಊರಿನವರ ಕಣ್ಣು ಪರೀಕ್ಷೆ ಮಾಡುವವಳಿಗೆ ಇದು ಕಾಣಲಿಲ್ಲ.

ಇನ್ನೊಂದು ವಿಷಯ ಕೇಳಬೇಕು. ಬರೆಯಲು ಕೈ ಬರುತ್ತಿಲ್ಲ. ಎರಡು ವರ್ಷದ ಹಿಂದೆ, ನಾನು ಗಂಡನ ಮನೆ ಬಿಟ್ಟ ದಿನ, ಸೂಟ್‌ಕೇಸ್ ಹಿಡಿದು ನೇರ ನಿಮ್ಮಲ್ಲಿಗೆ ಬಂದಿದ್ದೆ. ನೀವು ಕಿಟಕಿಯ ಬಳಿ ಬೆನ್ನು ಹಾಕಿ ಕೂತಿದ್ದು ಕೆಳಗಿನಿಂದ ಕಾಣುತ್ತಿತ್ತು. ಮೇಲೆ ಬಂದು ಗಂಟೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ, ಅಪ್ಪಾ ಎಂದು ಕರೆದೆ. ನೀವು ತೆರೆಯಲಿಲ್ಲ. ಗಂಡನನ್ನು ಬಿಟ್ಟು ಬಂದವಳಿಗೆ ಬಾಗಿಲು ಹಾಕಿದಿರಿ ಎಂದುಕೊಂಡು ಇಳಿದುಹೋದೆ. ಆಮೇಲೆ ನಾನು ನಿಮ್ಮನ್ನು ಕೇಳಲೂ ಇಲ್ಲ, ನೀವು ಹೇಳಲೂ ಇಲ್ಲ. ಅವತ್ತು ನಿಮಗೆ ಕೇಳಿಸಲಿಲ್ಲವೇ?

ಮಗಳು

*

ಆಗಸ್ಟ್ 19

ಪುಟ್ಟೀ,

ಕೇಳಿಸಲಿಲ್ಲ.

ಈ ಒಂದು ಮಾತು ಬರೆಯಲು ಎರಡು ದಿನ ಬೇಕಾಯಿತು. ಇನ್ನುಳಿದದ್ದು ಸುಲಭ. ಎಡಗಿವಿ ಪ್ರೆಸ್ಸಿನಲ್ಲಿದ್ದಾಗಲೇ ಹೋಗಿತ್ತು. ಬಲಗಿವಿ ನಿಮ್ಮಮ್ಮ ಇರುವವರೆಗೆ ಅಷ್ಟೋ ಇಷ್ಟೋ ಇತ್ತು, ಈಗ ಎದುರಿಗಿರುವವರ ತುಟಿ ನೋಡಿಯೇ ಮಾತು ತಿಳಿಯಬೇಕು. ಅವಳಿದ್ದಾಗ ನನಗೆ ಕಷ್ಟವಾಗಲಿಲ್ಲ, ಯಾರಾದರೂ ಬಂದರೆ ನನ್ನ ತೋಳು ಮುಟ್ಟುತ್ತಿದ್ದಳು. ನಿಮಗಿಬ್ಬರಿಗೂ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಹೇಳಿದರೆ ನಿನ್ನ ಅಣ್ಣ ಮಾರನೆಯ ದಿನವೇ ನನ್ನ ಬಟ್ಟೆಬರೆ ಕಟ್ಟುತ್ತಾನೆ. ಆ ಹಿಂದಿನ ಕೋಣೆಯನ್ನು ನೀನು ನೋಡಿದ್ದೀಯಲ್ಲ, ಕಿಟಕಿ ತೆಗೆದರೆ ಎದುರು ಗೋಡೆ. ಕಿವಿ ಹೋದವನಿಗೆ ಕಣ್ಣಿಗಾದರೂ ಏನಾದರೂ ಬೇಡವೇ?

ನೀನು ಬಂದಿದ್ದ ವಿಷಯ ನನಗೆ ಒಂದು ವಾರದ ಮೇಲೆ ಗೊತ್ತಾಯಿತು. ಎದುರು ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, "ನಿಮ್ ಮಗಳು ಪೆಟ್ಟಿಗೆ ಇಟ್ಕೊಂಡು ಅಷ್ಟ್ ಹೊತ್ತು ನಿಂತಿದ್ಲು, ನೀವು ಊರಲ್ಲಿ ಇರ್ಲಿಲ್ವಾ" ಎಂದರು. ಹೌದು, ಇರಲಿಲ್ಲ ಎಂದೆ. ಒಳಗೆ ಹೋಗಿ ಕಿಟಕಿಯ ಬಳಿಯ ಆ ಕುರ್ಚಿಯಲ್ಲೇ ಕೂತೆ. ನಿನಗೆ ಬರೆಯಬೇಕೆಂದು ಕಾಗದ ತೆಗೆದೆ. ಕೇಳಿಸಲಿಲ್ಲ ಎಂದು ಬರೆದರೆ ಎಲ್ಲ ಬರೆಯಬೇಕಾಗುತ್ತಿತ್ತು. ಹೆದರಿಕೊಂಡು ಎತ್ತಿಟ್ಟೆ. ಅದರ ಬದಲು ಹೋಗಿ ನಾಯಿ ತಂದೆ. ಮುಂದಿನ ಸಲ ನೀನು ಬಂದರೆ ತಪ್ಪಬಾರದು ಎಂದೇ ತಂದದ್ದು. ಸಂತೆಯಲ್ಲಿ ಎಲ್ಲಕ್ಕಿಂತ ಸಣ್ಣದಾಗಿತ್ತು, ಎಲ್ಲಕ್ಕಿಂತ ಹೆಚ್ಚು ಜನರನ್ನು ಗುದ್ದುತ್ತಿತ್ತು.

ನೀನು ಬರಲಿಲ್ಲ. ಬರುವುದಾದರೂ ಹೇಗೆ?

ಪಾರ್ಸೆಲ್‌ನವನು ಬಂದ ದಿನ ಮೊಳೆ ಗುದ್ದಿದ್ದು ಸರಿಯಾಗಿಯೇ ಇತ್ತು. ನಾನು ಆತುರದಿಂದ ತಿರುಗಿದೆ. ನೀನೇ ಬಂದೆಯೇನೋ ಎಂದು ಪ್ರತಿ ಸಲವೂ ಆತುರವಾಗುತ್ತದೆ. ಬಿದ್ದೆ.

ಅಣ್ಣನಿಗೆ ಮಾತ್ರ ಹೇಳಬೇಡ.

ಅಪ್ಪ

*

ಆಗಸ್ಟ್ 27

ಅಪ್ಪಾ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಓದಿದೆ. ಗಿರಾಕಿಯೊಬ್ಬರು ತಾವೇ ಕುರ್ಚಿ ತಂದು ನನ್ನನ್ನು ಕೂರಿಸಿದರು.

ಅಣ್ಣನಿಗೆ ನಾನು ಹೇಳುವುದಿಲ್ಲ. ನೀವು ಹೇಳುತ್ತೀರಿ. ಹೇಳುವವರೆಗೆ ಮೊಳೆಯನ್ನು ಕಳಿಸುವುದಿಲ್ಲ. ನನಗೆ ಹಟ ಯಾರಿಂದ ಬಂತು ಎಂದು ನಿಮಗೆ ಗೊತ್ತಿದೆ. ಅಡುಗೆಮನೆಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆ ನಿಮ್ಮನ್ನು ಆ ಮನೆಯಲ್ಲಿ ಒಬ್ಬರನ್ನೇ, ಯಾರಿಗೂ ಗೊತ್ತಿಲ್ಲದ ಹಾಗೆ ಬಿಡುವುದು ನನ್ನಿಂದಾಗದು.

ಇನ್ನೊಂದು ಭಯ. ಕಲಿಸಿದ್ದನ್ನು ಮರೆಸಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಕಾಲ ನಡುವೆ ನುಗ್ಗದೆ ಎದುರಿಗೆ ಬಂದು ಮಂಡಿ ಮುಟ್ಟಲಿ ಎಂದು ಏನೆಲ್ಲ ಮಾಡಿದೆ. ಚಾಪೆ ತೆಗೆದಿಟ್ಟರೆ ಚಾಪೆಯಿದ್ದ ಜಾಗದಲ್ಲೇ ಹೋಗಿ ನಡುಗುತ್ತಾ ಕೂರುತ್ತದೆ. ನಿಮ್ಮ ಕಿವಿಯನ್ನು ನಾನೇ ಹಾಳು ಮಾಡಿ ಕಳಿಸುತ್ತಿದ್ದೇನೆ ಅಪ್ಪಾ. ಕ್ಷಮಿಸಿ ಎಂದು ಬರೆಯಲೂ ನಾಚಿಕೆ.

ನಿಮ್ಮ ಮಗಳು

*

ಅಕ್ಟೋಬರ್ 6

ಪುಟ್ಟೀ,

ನಮ್ಮ ಮನೆಯ ಮೇಜಿನಿಂದ ಬರೆಯುತ್ತಿದ್ದೇನೆ.

ನಿನ್ನ ಅಣ್ಣನಿಗೆ ಆಸ್ಪತ್ರೆಯಿಂದ ಹೊರಡುವ ದಿನ ಹೇಳಿದೆ. ಎದುರಿಗೇ ನಿಂತು ಕೂಗಾಡಿದ್ದರಿಂದ ಒಂದು ಮಾತೂ ತಪ್ಪದೆ ತಿಳಿಯಿತು. ಮನೆಗೆ ಬಂದವನು ಗಂಟೆಗೆ ಒಂದು ದೀಪ ಜೋಡಿಸಿ ಹೋದ, ಯಾರಾದರೂ ಒತ್ತಿದರೆ ಮಿಣಮಿಣ ಅನ್ನುತ್ತದೆ. ಕಿವಿಯ ಯಂತ್ರಕ್ಕೆ ಅಳತೆ ಕೊಡಿಸಿದ. ಹೊಸ ವರ್ಷದವರೆಗೆ ನೋಡುತ್ತಾನಂತೆ, ಆಮೇಲೆ ಹಿಂದಿನ ಕೋಣೆಯ ಮಾತು. ಅಂದರೆ ಪರೀಕ್ಷೆ ಈಗ ನನ್ನದು. ರಾತ್ರಿ ಮಲಗಿದಾಗ ಅದೇ ಯೋಚನೆ.

ನೀನು ಮೊಳೆಯನ್ನು ಚಾಪೆಯ ಸಮೇತ ಅಣ್ಣನ ಕಾರಿನಲ್ಲಿ ಕಳಿಸಿದ ದಿನ ಅದಕ್ಕೆ ನನ್ನ ಗುರುತು ಹತ್ತಿ, ನನ್ನ ಶೂ ಮೇಲೆ ಮಲಗಿತು. ಗಂಟೆಯಾದರೆ ಮಾತ್ರ ಗುದ್ದುವುದಿಲ್ಲ. ನೀನು ಕಲಿಸಿದ್ದು ಗಟ್ಟಿಯಾಗಿಯೇ ಕೂತಿದೆ. ಮೊದಲ ವಾರ ನನಗೂ ಎದೆ ಕುಸಿಯಿತು. ದೀಪ ಇದೆಯಲ್ಲ ಎನ್ನಬಹುದು. ದೀಪ ಹಾಲು ಉಕ್ಕಿದ್ದನ್ನು ಹೇಳುವುದಿಲ್ಲ.

ಆಮೇಲೆ ಗಮನಿಸಿದೆ. ಗಂಟೆಯಾಗಲಿ, ಹಾಲಾಗಲಿ, ಮೇಲಿನ ಮನೆಯಲ್ಲಿ ಏನಾದರೂ ಬಿದ್ದು ಗೋಡೆ ಅದುರಲಿ, ಅದು ಎದ್ದು ಚಾಪೆಗೆ ಹೋಗುತ್ತದೆ. ಸುಮ್ಮಸುಮ್ಮನೆ ಒಂದು ಸಲವೂ ಹೋಗುವುದಿಲ್ಲ. ಅಂದ ಮೇಲೆ ಅದು ಹೇಳುತ್ತಲೇ ಇದೆ, ಹೇಳುವ ಜಾಗ ಬದಲಾಗಿದೆ ಅಷ್ಟೇ. ಚಾಪೆಯನ್ನು ಎಳೆದು ನನ್ನ ಕುರ್ಚಿಯ ಎದುರಿಗೆ, ಕಿಟಕಿಯ ಕೆಳಗೆ ಹಾಕಿದೆ. ಅದು ಹೋಗಿ ಕೂತ ಕೂಡಲೇ ನಾನು ಎದ್ದು ನೋಡಿ ಬರುತ್ತೇನೆ. ನಾನು ಎದ್ದರೆ ಅದರ ನಡುಕ ನಿಲ್ಲುತ್ತದೆ. ಅದಕ್ಕೆ ಇದ್ದ ಸಂಕಟ ಇಷ್ಟೇ, ಯಾರೂ ಏಳುವುದಿಲ್ಲವಲ್ಲ ಎಂದು. ನೀನು ನಾಯಿಗೆ ಕಲಿಸಿದ್ದಾಯಿತು, ಈಗ ಈ ಮುದುಕ ಆಗಾಗ ಪೇಪರಿನಿಂದ ತಲೆಯೆತ್ತಿ ಚಾಪೆ ನೋಡುವುದನ್ನು ಕಲಿಯುತ್ತಿದ್ದಾನೆ. ಮೊನ್ನೆ ತೂಕಡಿಸಿ ಗ್ಯಾಸಿನವನನ್ನು ತಪ್ಪಿಸಿಕೊಂಡೆ. ಇನ್ನೂ ಪೂರ್ತಿ ಪಳಗಿಲ್ಲ.

ಬರುವ ಭಾನುವಾರ ಬರುತ್ತೇನೆ ಎಂದು ಬರೆದಿದ್ದೀಯ. ಗಂಟೆ ಒತ್ತು. ಮೊಳೆ ಚಾಪೆಗೆ ಹೋಗುತ್ತದೆ, ನಾನು ಅದನ್ನು ನೋಡುತ್ತೇನೆ, ಆಮೇಲೆ ವಾಕರ್ ಎಳೆದುಕೊಂಡು ಏಳಬೇಕು. ಆತುರಪಟ್ಟು ತಿರುಗಬಾರದು ಎಂದು ಸಾರ್ಜೆಂಟ್ ನನ್ನಿಂದ ಆಣೆ ಹಾಕಿಸಿಕೊಂಡು ಕಳಿಸಿದ್ದಾಳೆ, ಆದ್ದರಿಂದ ಬಾಗಿಲಿಗೆ ಬರಲು ಹೊತ್ತು ಹಿಡಿಯುತ್ತದೆ. ತೆರೆಯಲಿಲ್ಲವೆಂದು ಇಳಿದು ಹೋಗಬೇಡ. ನಿಂತಿರು, ನಾನು ಬರುತ್ತಿರುತ್ತೇನೆ.

ನಿನ್ನ ಅಪ್ಪ